ಎಂಗೇಜ್‌ಮೆಂಟ್ ಉಂಗುರ: ಹಳೇದಾಗುವುದು ಹರಳಲ್ಲ, ಅದರ ಸುತ್ತಲಿನ ಸಿಂಗಾರ

ಪ್ರಶ್ನೆ: ಸರ್, ನಾನು ಧಾರವಾಡದವಳು, ಸದ್ಯ ಗದಗಿನಲ್ಲಿ ಕೆಲಸ. ದೀಪಾವಳಿ ಆದ ಮೇಲೆ ನನ್ನ ನಿಶ್ಚಯ. ಹುಡುಗನ ಕಡೆಯವರು ಹಾವೇರಿಯವರು. ಉಂಗುರ ನೀವೇ ಆರಿಸಿಕೊಳ್ಳಿ ಅಂದಿದ್ದಾರೆ, ಬಜೆಟ್ ಸುಮಾರು ಒಂದು ಲಕ್ಷ. ನನಗೆ ಹೇಲೋ ಡಿಸೈನ್ ಇಷ್ಟ. ನಡುವೆ ಒಂದು ವಜ್ರ, ಸುತ್ತ ಸಣ್ಣ ಸಣ್ಣ ಹರಳು, ರೋಸ್ ಗೋಲ್ಡ್‌ನಲ್ಲಿ. ಹುಡುಗ ಮಾತ್ರ "ಸಾಲಿಟೇರ್ ತಗೋ, ಒಂದೇ ಹರಳಿನದು ಯಾವತ್ತೂ ಹಳೇದಾಗಲ್ಲ" ಅನ್ನುತ್ತಾರೆ. ಅವ್ವ ತನ್ನ ನಿಶ್ಚಯದ ಉಂಗುರ ಕೈಗೆ ಕೊಟ್ಟು "ಇದನ್ನ ಮುರಿಸಿ ಮಾಡಿಸು" ಅನ್ನುತ್ತಾಳೆ. ಅದು 1996ರದು, 22 ಕ್ಯಾರೆಟ್, ಹೂವಿನ ಆಕಾರ, ನಡುವೆ ಕೆಂಪು, ಸುತ್ತ ಆರು ಬಿಳಿ ಹರಳು. ನೋಡಿದ ಕೂಡಲೇ ಹಳೇ ಕಾಲದ್ದು ಅನ್ನಿಸುತ್ತದೆ. ನಾನು ಈಗ ತಗೊಳ್ಳುವ ಉಂಗುರವೂ ಇಪ್ಪತ್ತು ವರ್ಷಕ್ಕೆ ಹಾಗೇ ಆಗುತ್ತಾ? ಯಾವತ್ತೂ ಹಳೇದಾಗದ ಡಿಸೈನ್ ಅಂತ ನಿಜವಾಗಲೂ ಇದೆಯಾ?

ಉತ್ತರ: ಮೊದಲು ನಿಮ್ಮ ಹುಡುಗ ಹೇಳಿದ ಮಾತು ತಗೊಳ್ಳೋಣ. ಒಂದೇ ಹರಳಿನ ಉಂಗುರ ಹಳೇದಾಗಲ್ಲ ಅನ್ನುವುದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಅಂಗಡಿಯವರ ಮಾತು. ನಾನೂ ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಪತ್ತಾರನೇ (ಅಕ್ಕಸಾಲಿಗ), ಹಾಗಾಗಿ ಧೈರ್ಯವಾಗಿ ಹೇಳಬಹುದು.

ಹುಬ್ಬಳ್ಳಿ-ಧಾರವಾಡದ ಕಡೆ ನಿಮ್ಮ ಅಜ್ಜಿಯ ಕಾಲದಲ್ಲಿ ನಿಶ್ಚಯಕ್ಕೆ ವಜ್ರದ ಉಂಗುರ ಕೇಳಿದವರು ಬಹಳ ಕಮ್ಮಿ. ಸೀರೆ ಉಡಿಸಿ, ಉಡಿ ತುಂಬಿ, ಸಕ್ಕರೆ ಹಂಚಿದರೆ ನಿಶ್ಚಯ ಮುಗೀತು. ಉಂಗುರ ಇದ್ದರೆ ಸಾದಾ ಬಂಗಾರದ್ದು, ಇಲ್ಲಾ ಒಂದು ಕೆಂಪು ಹರಳಿನದು. ಬಂಗಾರ ಏನಿದ್ದರೂ ಕೊರಳ ಬೋರಮಾಳಕ್ಕೆ, ಕೈಯ ಪಾಟ್ಲಿಗೆ ಹೋಗುತ್ತಿತ್ತು. ಸಾಲಿಟೇರ್ ಇಲ್ಲಿ ಚಾಲ್ತಿಗೆ ಬಂದು ಒಂದು ತಲೆಮಾರು ಆಗಿರಬಹುದು, ಅಷ್ಟೇ.

ಅದು ಹುಟ್ಟಿದ ಊರಲ್ಲೂ ಅದಕ್ಕೆ ಒಂದು ಹುಟ್ಟಿದ ದಿನ ಇದೆ. 1886ರಲ್ಲಿ ನ್ಯೂಯಾರ್ಕಿನ ಟಿಫನಿ ಕಂಪನಿ ವಜ್ರವನ್ನು ಉಂಗುರದ ಪಟ್ಟಿಯಿಂದ ಮೇಲಕ್ಕೆ ಎತ್ತಿ, ಆರು ಸಣ್ಣ ಉಗುರುಗಳಲ್ಲಿ ಹಿಡಿಸಿ ಮಾರಾಟಕ್ಕೆ ತಂದಿತು. ಆ ಉಗುರುಗಳಿಗೆ ನಾವು ಪ್ರಾಂಗ್ ಅಂತೀವಿ. ಅದಕ್ಕೂ ಮೊದಲು ಹರಳನ್ನು ಬಂಗಾರದೊಳಗೆ ಹೂತು ಕೂಡಿಸುವುದೇ ಹೆಚ್ಚು. ಬೆಳಕು ಮೇಲಿನಿಂದ ಮಾತ್ರ ಹೋಗುತ್ತಿತ್ತು. ಎತ್ತಿ ಹಿಡಿದಾಗ ಪಕ್ಕದಿಂದಲೂ ಕೆಳಗಿನಿಂದಲೂ ಬೆಳಕು ನುಗ್ಗಿತು, ಕಲ್ಲು ದೊಡ್ಡದಾಗಿ ಕಂಡಿತು. ಇನ್ನು ವಜ್ರ ಅಂದರೇನೇ ಮದುವೆ ಅನ್ನುವ ಮಾತಿಗೆ ಗಟ್ಟಿ ತಳ ಸಿಕ್ಕಿದ್ದು 1947ರಲ್ಲಿ, ಡಿ ಬಿಯರ್ಸ್ ಕಂಪನಿಯ ಜಾಹೀರಾತಿಗಾಗಿ ಫ್ರಾನ್ಸಿಸ್ ಗೆರೆಟಿ ಅನ್ನುವ ಹೆಣ್ಣುಮಗಳು ವಜ್ರ ಶಾಶ್ವತ ಅನ್ನುವ ಸಾಲು ಬರೆದಾಗ. ಅಲ್ಲಿಗೆ ಸಾಲಿಟೇರ್ ಕೂಡ ಒಂದು ಫ್ಯಾಶನ್ನೇ. ಬೇರೆಯವುಗಳಿಗಿಂತ ಬಹಳ ದಿನ ಬಾಳಿದೆ, ನಿಜ. ಯಾಕೆ ಬಾಳಿತು ಅನ್ನುವುದು ಗೊತ್ತಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಒಂದು ಉಂಗುರ ನೋಡಿದ ಕೂಡಲೇ "ಇದು ಆ ಕಾಲದ್ದು" ಅಂತ ಹೇಗೆ ಹೇಳುತ್ತೇವೆ? ದುಂಡು ಹರಳು ನೋಡಿ ಅಲ್ಲ. ಸಾದಾ ಪಟ್ಟಿ ನೋಡಿಯೂ ಅಲ್ಲ. ಹರಳಿನ ಸುತ್ತ ಏನು ಮಾಡಿದ್ದಾರೆ, ಪಟ್ಟಿಯ ಭುಜ ಹೇಗೆ ತಿರುವಿದ್ದಾರೆ, ಲೋಹದ ಬಣ್ಣ ಯಾವುದು, ಇವನ್ನು ನೋಡಿ. ಆಯಾ ಕಾಲದಲ್ಲಿ ಪತ್ತಾರನ ಕೈಗೆ ಯಾವ ಹೊಸ ಸಲಕರಣೆ ಬಂತೋ ಅದರ ಗುರುತು ಅಲ್ಲೇ ಬೀಳುತ್ತದೆ.

ಪ್ಲಾಟಿನಂ ನೋಡಿ. ಬಂಗಾರ 1064 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು. ಆಮ್ಲಜನಕದ ಗ್ಯಾಸ್ ಬತ್ತಿ ಕೈಗೆ ಬಂದ ಮೇಲೆಯೇ ಅದು ಸಾಮಾನ್ಯ ಕೆಲಸಗಾರನ ಲೋಹ ಆಯಿತು. ಅದು ಗಟ್ಟಿ, ಹಾಗಾಗಿ ತೆಳ್ಳಗೆ ಕೊರೆದರೂ ಹರಳು ಹಿಡಿಯುತ್ತದೆ. 1920ರ ದಶಕದ ಯುರೋಪು, ಅಮೆರಿಕದ ಉಂಗುರಗಳಲ್ಲಿ ಜಾಲರಿಯ ಹಾಗೆ ಕೊರೆದ ಪ್ಲಾಟಿನಂ, ಚೌಕ ಚೌಕದ ನೀಲಿ ಹರಳು ಕಾಣುವುದು ಇದೇ ಕಾರಣಕ್ಕೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರಕಾರ ಪ್ಲಾಟಿನಂ ಅನ್ನು ಯುದ್ಧದ ಕೆಲಸಕ್ಕೆ ಎತ್ತಿಟ್ಟಿತು, ಒಡವೆ ಮಾಡುವವರು ಬಂಗಾರಕ್ಕೆ ವಾಪಸ್ ಬಂದರು. ರುಚಿ ಬದಲಾಗಿದ್ದಕ್ಕಲ್ಲ, ಸಾಮಾನು ಸಿಗದೆ. ನಮ್ಮ ಕಾಲದ ಹೇಲೋ ಡಿಸೈನೂ ಹಾಗೇ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು, ಮೇಣದ ಅಚ್ಚು ಮಷಿನ್ನಿನಲ್ಲೇ ಮಾಡಿ, ಮೈಕ್ರೋಸ್ಕೋಪ್ ಕೆಳಗೆ ಒಂದು ಮಿಲಿಮೀಟರ್‌ನ ಹರಳು ಕೂಡಿಸುವುದು ಅಗ್ಗ ಆದ ಮೇಲೆ ಅದು ಎಲ್ಲ ಕಡೆ ಹಬ್ಬಿತು. 2000ದಿಂದ ಈಚೆಗಿನ ಉಂಗುರ ಅಂತ ಮುಂದೆ ಜನ ಗುರುತು ಹಿಡಿಯುವುದು ಅದರಿಂದಲೇ.

ಹರಳಿನ ಕಟ್, ಅಂದರೆ ಸಾಣೆ ಹಿಡಿದು ಕೊಟ್ಟ ಆಕಾರ, ಕೂಡ ಕಾಲ ಹೇಳುತ್ತದೆ, ಆದರೆ ಬಹಳ ನಿಧಾನಕ್ಕೆ. ಈಗ ಎಲ್ಲರೂ ಹಾಕುವ ದುಂಡು ಕಟ್‌ಗೆ ಲೆಕ್ಕ ಹಾಕಿ ಅಳತೆ ಕೊಟ್ಟವರು ಮಾರ್ಸೆಲ್ ಟೊಲ್ಕೊವ್‌ಸ್ಕಿ, 1919ರಲ್ಲಿ. ನೂರು ವರ್ಷ ದಾಟಿದರೂ ಅದೇ ನಡೆದಿದೆ. ಚೌಕದ ಪ್ರಿನ್ಸೆಸ್ ಕಟ್ 1980ರ ಹೊತ್ತಿಗೆ ಬಂದು, ಜೋರಾಗಿ ಓಡಿ, ಈಗ ಇಳಿದಿದೆ. ಎರಡೂ ತುದಿ ಚೂಪಾದ ಮಾರ್ಕೀಸ್ ಕಟ್ 1970-80ರ ದಶಕದ್ದು ಅನ್ನಿಸಿಕೊಂಡು ಮೂಲೆಗೆ ಸೇರಿತ್ತು, ಈಗ ಮತ್ತೆ ಕೇಳುವವರು ಇದ್ದಾರೆ. ಚೂಪು ಮೂಲೆಯ ಕಟ್‌ಗಳಿಗೆ ಇನ್ನೊಂದು ತೊಂದರೆ ಇದೆ. ವಜ್ರ ಗಟ್ಟಿ, ಆದರೆ ಒಡೆಯುವುದೇ ಇಲ್ಲ ಅಂತಲ್ಲ. ಮೂಲೆಗೆ ಸರಿಯಾದ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಈಗ ನೀವು ಕೇಳಿದ ಇಪ್ಪತ್ತು ವರ್ಷದ ವಿಷಯ. ಇಂಗ್ಲೆಂಡಿನಲ್ಲಿ ಜೇಮ್ಸ್ ಲೇವರ್ ಅಂತ ಉಡುಪಿನ ಇತಿಹಾಸ ಬರೆದವರೊಬ್ಬರಿದ್ದರು. 1937ರಲ್ಲಿ ಅವರು ಒಂದು ಪಟ್ಟಿ ಮಾಡಿದರು, ಅರ್ಧ ತಮಾಷೆಗೆ. ಫ್ಯಾಶನ್ ಹೋಗಿ ಒಂದು ವರ್ಷಕ್ಕೆ ಅದು ಸಪ್ಪೆ, ಹತ್ತು ವರ್ಷಕ್ಕೆ ಅಸಹ್ಯ, ಇಪ್ಪತ್ತಕ್ಕೆ ನಗೆಪಾಟಲು. ಮೂವತ್ತಕ್ಕೆ ನೋಡಲು ಮೋಜು. ಐವತ್ತಕ್ಕೆ ವಿಶೇಷ ಅನ್ನಿಸುತ್ತದೆ, ಎಪ್ಪತ್ತಕ್ಕೆ ಮುದ್ದು, ನೂರಕ್ಕೆ ಮನಸ್ಸು ಸೆಳೆಯುತ್ತದೆ, ನೂರೈವತ್ತಕ್ಕೆ ಸುಂದರ. ಲೇವರ್ ಹೇಳಿದ್ದು ಬಟ್ಟೆಗೆ, ಆದರೆ ಒಡವೆ ಅಂಗಡಿಯಲ್ಲಿ ಕೂತವನಿಗೆ ಇದು ದಿನಾ ಕಾಣುವ ಸಂಗತಿ. ಕೆಟ್ಟ ಹೊತ್ತು ಅಂದರೆ ಹತ್ತರಿಂದ ಮೂವತ್ತು ವರ್ಷದ ನಡುವೆ. ಒಡವೆ ಕರಗಿಸಲು ಬರುವುದೂ ಆಗಲೇ. "ಹಳೀ ಫ್ಯಾಶನ್ ಆತ್ರಿ, ಮುರಿದು ಬ್ಯಾರೆ ಮಾಡ್ರಿ" ಅಂತ ತಂದು ಇಡುವ ಒಡವೆ ಸಾಮಾನ್ಯವಾಗಿ ತಾಯಿಯದು, ಅಜ್ಜಿಯದಲ್ಲ. ಅಜ್ಜಿಯದು ತಂದವರು "ಇದ್ದಂಗ ಪಾಲಿಶ್ ಮಾಡಿ ಕೊಡ್ರಿ ಸಾಕು" ಅನ್ನುತ್ತಾರೆ.

ಬುಗುಡಿಯನ್ನೇ ತಗೊಳ್ಳಿ. ಕಿವಿಯ ಮೇಲ್ಭಾಗ ಚುಚ್ಚಿಸಿಕೊಳ್ಳುವುದು ಹಳ್ಳಿಯವರ ಲಕ್ಷಣ ಅಂತ ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಕರಗಿಸಿಬಿಟ್ಟರು. ಈಗ ಕಾಲೇಜು ಹುಡುಗಿಯರು ಚುಚ್ಚಿಸದೇ ಸಿಕ್ಕಿಸುವ ಬುಗುಡಿ ಕೇಳುತ್ತಾರೆ. ಬೋರಮಾಳವೂ ವಾಪಸ್ ಬಂತು, ಇಳಕಲ್ ಸೀರೆಯ ಜೊತೆಗೆ.

ಹೊರಗಿನ ಉದಾಹರಣೆ ಬೇಕಾದರೆ ರಾಜಕುಮಾರಿ ಡಯಾನಾ ಅವರ ಉಂಗುರ. 1981ರದು. ನಡುವೆ 12 ಕ್ಯಾರೆಟ್‌ನ ಸಿಲೋನ್ ನೀಲ (ಹರಳಿಗೆ ಕ್ಯಾರೆಟ್ ಅಂದರೆ ತೂಕ, ಬಂಗಾರಕ್ಕೆ ಶುದ್ಧತೆ), ಸುತ್ತ 14 ವಜ್ರ. ತೊಂಬತ್ತರ ದಶಕದ ಹೊತ್ತಿಗೆ ಅಂಥ ಉಂಗುರ ಎಂಬತ್ತರ ದಶಕದ ಭಾರೀ ಸಾಮಾನು ಅನ್ನಿಸುತ್ತಿತ್ತು. 2010ರಲ್ಲಿ ಮಗ ವಿಲಿಯಂ ಅದನ್ನೇ ಕೇಟ್ ಅವರಿಗೆ ತೊಡಿಸಿದ್ದೇ ತಡ, ಜಗತ್ತಿನ ತುಂಬ ಅದರ ನಕಲು. ಉಂಗುರದ ಡಿಸೈನ್ ಮಾತ್ರ ಅದೇ ಇತ್ತು. 2025ರ ಆಗಸ್ಟ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ನಿಶ್ಚಯದ ಉಂಗುರದ ಫೋಟೋ ಬಂತು. ಹಳದಿ ಬಂಗಾರ, ಓಲ್ಡ್ ಮೈನ್ ಕಟ್ ವಜ್ರ. ವಿದ್ಯುತ್ ದೀಪ ಇಲ್ಲದ ಕಾಲದಲ್ಲಿ, ಮೇಣದ ಬತ್ತಿಯ ಬೆಳಕಿಗೆ ಹೊಂದುವಂತೆ ಕೈಯಲ್ಲೇ ಸಾಣೆ ಹಿಡಿಯುತ್ತಿದ್ದ ಕಟ್ ಅದು. ಅಂಚು ಸ್ವಲ್ಪ ಚೌಕ, ಮೇಲ್ಮೈ ಸಣ್ಣದು, ಎತ್ತರ ಜಾಸ್ತಿ. ಇಪ್ಪತ್ತನೇ ಶತಮಾನದಲ್ಲಿ ಅಂಥ ಎಷ್ಟೋ ಹರಳುಗಳನ್ನು "ಹೊಳಪು ಸಾಲದು" ಅಂತ ಹೊಸ ದುಂಡು ಕಟ್‌ಗೆ ಮತ್ತೆ ಸಾಣೆ ಹಿಡಿಸಿದರು, ತೂಕ ಕಳೆದುಕೊಂಡರು. ಈಗ ಅದೇ ಕಟ್ ಹುಡುಕುತ್ತಾರೆ.

ವಾಪಸ್ ಬಾರದೇ ಇರುವುದೂ ಇದೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ 1839ರಲ್ಲಿ ಆಲ್ಬರ್ಟ್ ತೊಡಿಸಿದ್ದು ಹಾವಿನ ಆಕಾರದ ಉಂಗುರ, ಹೆಡೆಯಲ್ಲಿ ಪಚ್ಚೆ. ಕೊನೆ ಇಲ್ಲದ ಪ್ರೀತಿ ಅನ್ನುವ ಅರ್ಥಕ್ಕೆ. ಆ ಕಾಲಕ್ಕೆ ಅದೇ ದೊಡ್ಡ ಫ್ಯಾಶನ್. ನಮ್ಮಲ್ಲಿ ಪಂಚಮಿಗೆ ಹಾಲೆರೆಯುತ್ತೇವೆ ನಿಜ, ಆದರೆ ನಿಶ್ಚಯದ ತಾಟಿನಲ್ಲಿ ಹಾವಿನ ಉಂಗುರ ಇಟ್ಟರೆ ಹಾವೇರಿಯ ಬೀಗರು ಎದ್ದು ಹೋದಾರು.

ಇಷ್ಟು ಹೇಳಿದ್ದು ಯಾಕೆಂದರೆ, ನಿಮ್ಮ ಅವ್ವನ ಉಂಗುರಕ್ಕೂ ನಿಮಗೆ ಇಷ್ಟವಾದ ಹೇಲೋಗೂ ನೀವಂದುಕೊಂಡಷ್ಟು ದೂರ ಇಲ್ಲ, ತಂಗಿ. ನಡುವೆ ಒಂದು ದೊಡ್ಡ ಹರಳು, ಸುತ್ತ ಸಣ್ಣವು. ಅವ್ವನದು ಏಳು ಹರಳಿನ ಹೂವು, ನಿಮ್ಮದು ಹದಿನಾರೋ ಇಪ್ಪತ್ತೋ ಪುಡಿ ಹರಳಿನ ಉಂಗುರ. ಯೋಚನೆ ಒಂದೇ. ಡಯಾನಾ ಅವರದೂ ಅದೇ ಯೋಚನೆ. ಅವ್ವನದಕ್ಕೆ ಈಗ ಮೂವತ್ತರ ಹತ್ತಿರ, ಲೇವರ್ ಹೇಳಿದ ಕೆಟ್ಟ ಹೊತ್ತಿನ ಕೊನೆಗೆ ಬಂದು ನಿಂತಿದೆ. ನಿಮ್ಮ ಹೇಲೋ 2045ಕ್ಕೆ ಅದೇ ಹೊತ್ತಿನ ಒಳಗೆ ಇರುತ್ತದೆ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ನನ್ನ ಚಿಂತೆ ಬೇರೆ. ಚಂದ ಹೋದರೂ ಉಂಗುರ ಬೆರಳಲ್ಲಿ ಗಟ್ಟಿಯಾಗಿ ಉಳಿದಿರುತ್ತದಾ? ಬೇಕೆಂದಾಗ ಬಿಚ್ಚಿ ಬೇರೆ ಮಾಡಲು ಬರುತ್ತದಾ? ಹೇಲೋ ಸೋಲುವುದು ಇಲ್ಲಿ.

ರಿಪೇರಿಗೆ ಬರುವ ಹೇಲೋ ಉಂಗುರವನ್ನು ದುರ್ಬೀನಿನ (ನಮ್ಮ ಭೂತಗನ್ನಡಿ) ಕೆಳಗೆ ಇಟ್ಟರೆ ಮೊದಲು ಕಾಣುವುದು ವಜ್ರ ಅಲ್ಲ, ಜೋಳದ ಹಿಟ್ಟು. ರೊಟ್ಟಿ ಬಡಿಯುವ ಕೈ ನೋಡಿ. ನೆನೆದ ಹಿಟ್ಟು ಸಣ್ಣ ಹರಳುಗಳ ಸಂದಿಗೆ, ಹಿಂದಿನ ತೂತುಗಳಿಗೆ ಹೋಗಿ ಒಣಗಿ ಗಾರೆಯ ಹಾಗೆ ಕೂತಿರುತ್ತದೆ. ಅದರ ಮೇಲೆ ಎಣ್ಣೆ. ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ಗಣಿಗಳಲ್ಲಿ ಕಲ್ಲಿನ ರಾಶಿಯಿಂದ ವಜ್ರ ಬೇರೆ ಮಾಡಲು ಜಿಡ್ಡು ಸವರಿದ ಮೇಜನ್ನೇ ಬಳಸುತ್ತಿದ್ದರು, ಬೇರೆ ಕಲ್ಲು ನೀರಿನ ಜೊತೆ ಹರಿದು ಹೋಗುತ್ತಿತ್ತು, ವಜ್ರ ಅಂಟಿಕೊಳ್ಳುತ್ತಿತ್ತು. ಹಿಂದಿನ ತೂತು ಮುಚ್ಚಿದರೆ ಬೆಳಕು ಆಟ ಆಡಲ್ಲ, ಉಂಗುರ ಮಂಕು. ಅದನ್ನು ತೆಗೆಯಲು ಮನೆಯಲ್ಲಿ ಗುಂಡುಪಿನ್ನು ಹಾಕಿ ಕೆದರುತ್ತಾರೆ. ಆ ಪುಡಿ ಹರಳನ್ನು ಹಿಡಿದಿರುವ ಬಂಗಾರದ ಕಾಳು ಸಾಸಿವೆಗಿಂತಲೂ ಸಣ್ಣದು, ಸವೆದೂ ಇರುತ್ತದೆ. ಒಂದು ಹರಳು ಟಪ್ ಅಂತ ಹಾರುತ್ತದೆ. ಅಷ್ಟೇ ಅಳತೆಯ, ಅಷ್ಟೇ ಬಿಳಿಯ ಹರಳು ಹುಡುಕಿ ಕೂಡಿಸಬೇಕು. ಕೂಡಿಸಬಹುದು, ಆದರೆ ಪಕ್ಕದ್ದೂ ಸವೆದಿರುತ್ತದಲ್ಲ, ಆರು ತಿಂಗಳಿಗೆ ಅದು ಹಾರುತ್ತದೆ. ಇಪ್ಪತ್ತು ವರ್ಷದ ಮೇಲೆ ಎರಡು ಹಲ್ಲು ಹೋದ ಹೇಲೋ ಹಳೇ ಫ್ಯಾಶನ್ ಅನ್ನಿಸಿಕೊಳ್ಳುವುದು ಡಿಸೈನಿನಿಂದ ಅಲ್ಲ, ಈ ಸ್ಥಿತಿಯಿಂದ.

ಅಡುಗೆ ಮಾಡುವಾಗ ತೆಗೆದಿಡುತ್ತೇನೆ ಅಂತ ನೀವು ಅನ್ನಬಹುದು. ಎಲ್ಲರೂ ಅನ್ನುತ್ತಾರೆ. ಮದುವೆಯಾದ ಆರು ತಿಂಗಳು ತೆಗೆದಿಡುತ್ತಾರೆ ಕೂಡ.

ಸಾಲಿಟೇರ್ ಬಹಳ ದಿನ ಬಾಳಿದ್ದು ಯಾಕೆ ಅಂದೆನಲ್ಲ, ಇದಕ್ಕೇ. ಅದರಲ್ಲಿ ಹಾಳಾಗುವುದು ಕಮ್ಮಿ. ಪ್ರಾಂಗ್ ಸವೆದರೆ ತುದಿಗೆ ಬಂಗಾರ ಕೂಡಿಸಬಹುದು. ಪಟ್ಟಿ ತೆಳುವಾದರೆ ಅರ್ಧ ಪಟ್ಟಿ ಹೊಸದು ಹಾಕಬಹುದು. ಬೇಸರ ಬಂದರೆ ಹರಳು ಬಿಡಿಸಿ ಮೂಗುಬಟ್ಟೋ ಪದಕವೋ ಮಾಡಿಸಬಹುದು. ಆದರೆ ಸಾಲಿಟೇರ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಈಗ ಫೋನಿನಲ್ಲಿ ಕಾಣುವ ದಾರದಂಥ ಪಟ್ಟಿ, ಒಂದೂವರೆ ಮಿಲಿಮೀಟರೂ ಇರಲ್ಲ, ಅದರ ಮೇಲೆ ದೊಡ್ಡ ಕಲ್ಲು. ಅದು ಈ ಹತ್ತು-ಹದಿನೈದು ವರ್ಷದ ಫ್ಯಾಶನ್, ಮುಂದೆ ಗುರುತು ಸಿಗುವುದೂ ಹಾಗೇ. ಹಳೇದಾಗುವ ಮೊದಲೇ ಬಾಗುತ್ತದೆ. ಎರಡು ಹೋಳಾಗಿ ಕವಲೊಡೆದ ಪಟ್ಟಿಯೂ ಹಾಗೇ ಕಾಲದ ಗುರುತು.

ಹುಡುಗ-ಹುಡುಗಿಯ ಹೆಸರಿನ ಮೊದಲ ಅಕ್ಷರ, ಕಿರೀಟ, ಎದೆಬಡಿತದ ಗೆರೆ, ಹೃದಯದ ಅರ್ಧ ಅರ್ಧ, ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲಕ್ಕಿಂತ ಬೇಗ ಹಳೇದಾಗುವುದು ಇವೇ. ಹೆಸರು, ತಾರೀಖು ಬೇಕೇ ಬೇಕು ಅಂದರೆ ಪಟ್ಟಿಯ ಒಳಬದಿಗೆ ಕೊರೆಸಿ. ಯಾರಿಗೂ ಕಾಣಲ್ಲ, ನಿಮಗೆ ಗೊತ್ತಿರುತ್ತದೆ.

ಬಣ್ಣದ ವಿಷಯ. ರೋಸ್ ಗೋಲ್ಡ್ ಅಂದರೆ ಬಂಗಾರಕ್ಕೆ ತಾಮ್ರ ಜಾಸ್ತಿ. ಗಟ್ಟಿ ಇರುತ್ತದೆ, ಬಣ್ಣ ಎಲ್ಲೂ ಹೋಗಲ್ಲ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಕಾಲದ ಗುರುತು ಎದ್ದು ಕಾಣುವ ಬಣ್ಣ ಅದು. ವೈಟ್ ಗೋಲ್ಡ್‌ನ ಬಿಳಿ ಬಹುಮಟ್ಟಿಗೆ ಮೇಲಿನ ರೋಡಿಯಂ ಲೇಪದ್ದು. ದಿನಾ ಹಾಕುವ ಕೈಯಲ್ಲಿ ಒಂದೆರಡು ವರ್ಷಕ್ಕೆ ಹಳದಿ ಇಣುಕುತ್ತದೆ, ಮತ್ತೆ ಲೇಪ ಕೊಡಿಸಬೇಕು. ನಿಮ್ಮ ಕೈಯಲ್ಲಿ ಉಳಿದದ್ದೆಲ್ಲ ಏನಿರುತ್ತದೆ? ಹಸಿರು ಬಳೆ ಬಿಟ್ಟರೆ ಪಾಟ್ಲಿ ಗೀಟ್ಲಿ ಎಲ್ಲ ಹಳದಿ ಬಂಗಾರ. ಅದರ ಪಕ್ಕದಲ್ಲಿ ಹಳದಿ ಉಂಗುರ ಯಾವ ಕಾಲಕ್ಕೂ ಬೇರೆಯಾಗಿ ಕಾಣಲ್ಲ. ಇನ್ನೊಂದು ಲಾಭ ಉಂಟು. ಹಳದಿ ಬಂಗಾರದಲ್ಲಿ ಕೂಡಿಸುವುದಾದರೆ ಐ ಅಥವಾ ಜೆ ಬಣ್ಣದ ವಜ್ರ ಸಾಕು (ವಜ್ರದ ಬಣ್ಣಕ್ಕೆ ಇಂಗ್ಲಿಷ್ ಅಕ್ಷರದ ಶ್ರೇಣಿ ಇದೆ, ಅಕ್ಷರ ಮುಂದೆ ಹೋದಷ್ಟೂ ಹಳದಿ ಜಾಸ್ತಿ), ಅದರ ತುಸು ಹಳದಿ ಛಾಯೆ ಬಂಗಾರದಲ್ಲಿ ಮರೆಯಾಗುತ್ತದೆ. ಬಿಳಿ ಲೋಹಕ್ಕೆ ಜಿ, ಹೆಚ್ ಬೇಕಾಗುತ್ತದೆ, ದುಡ್ಡು ಜಾಸ್ತಿ. ಆ ದುಡ್ಡನ್ನು ಕಟ್‌ಗೆ ಹಾಕಿ. ವಜ್ರ ಹೊಳೆಯುವುದು ಬಣ್ಣದಿಂದಲ್ಲ, ಒಳ್ಳೆ ಕಟ್‌ನಿಂದ.

ಹಾಗಾದರೆ ಏನು ತಗೊಳ್ಳಬೇಕು? ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ ಹೇಳುತ್ತಿದ್ದುದನ್ನೇ ಹೇಳುತ್ತೇನೆ. 18 ಕ್ಯಾರೆಟ್ ಹಳದಿ ಬಂಗಾರ. ಹರಳಿನ ಉಂಗುರಕ್ಕೆ 22 ಕ್ಯಾರೆಟ್ ಬೇಡ, ಮೆತ್ತಗೆ, ಪ್ರಾಂಗ್ ಬಾಗಿ ಕಲ್ಲು ಸಡಿಲ ಆಗುತ್ತದೆ. ಪಟ್ಟಿ ಕೆಳಗಡೆ, ಅಂಗೈ ಬದಿಗೆ, ಎರಡು ಮಿಲಿಮೀಟರ್ ಅಗಲ, ಒಂದೂಮುಕ್ಕಾಲು ದಪ್ಪ ಇರಲಿ. ಸವೆಯುವುದು ಅಲ್ಲೇ. ಹರಳು ಬಹಳ ಎತ್ತರಕ್ಕೆ ಬೇಡ, ಸೀರೆ ಸೆರಗಿಗೆ ಸಿಕ್ಕುತ್ತದೆ, ಕೂದಲಿಗೆ ಸಿಕ್ಕುತ್ತದೆ. ನಾಲ್ಕು ಪ್ರಾಂಗ್ ಆದರೂ ಸರಿ, ಆರು ಇದ್ದರೆ ಒಂದು ಸವೆದರೂ ಕಲ್ಲು ನಿಲ್ಲುತ್ತದೆ. ರೊಟ್ಟಿ ಬಡಿಯುವ ಕೈಗೆ ಇನ್ನೂ ಒಳ್ಳೆಯದು ಅಂದರೆ ಬೆಜಲ್, ಅಂದರೆ ಹರಳಿನ ಸುತ್ತ ಬಂಗಾರದ ಅಂಚು ಮಡಿಸಿ ಕೂಡಿಸುವುದು. ನಮ್ಮ ಹಿರಿಯರು ಮಾಡುತ್ತಿದ್ದ ಕಟ್ಟಿನ ಕೆಲಸಕ್ಕೆ ಹತ್ತಿರ. ಸಿಕ್ಕುವುದಿಲ್ಲ, ಚಕ್ಕೆ ಏಳುವುದಿಲ್ಲ, ಹಿಂದೆ ತೆರೆದಿಟ್ಟರೆ ತೊಳೆಯಲೂ ಸುಲಭ. ಹುಡುಗಿಯರು ಮೊದಲು ಒಪ್ಪಲ್ಲ, ಬೆರಳಿಗೆ ಹಾಕಿ ನೋಡಿದ ಮೇಲೆ ಒಪ್ಪುತ್ತಾರೆ.

ಹೇಲೋ ಆಸೆ ಬಿಡಲಾಗದಿದ್ದರೆ ಅದಕ್ಕೂ ದಾರಿ ಇದೆ. ಪುಡಿ ಹರಳಿನ ಬದಲು ಸುತ್ತ ಆರು ಅಥವಾ ಎಂಟು ತುಸು ದೊಡ್ಡ ಹರಳು, ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರಾಂಗ್. ಒಂದು ಹೋದರೆ ಒಂದನ್ನೇ ಕೂಡಿಸಬಹುದು. ಅದೂ ಬೇಡ ಅಂದರೆ ಈಗ ಸಾಲಿಟೇರ್ ಮಾಡಿಸಿ, ಅದರ ಸುತ್ತ ಕೂರುವ ಹರಳಿನ ಬಳಸು ಉಂಗುರ ಬೇರೆಯಾಗಿ ಮಾಡಿಸಿಕೊಳ್ಳಿ. ಹಬ್ಬಕ್ಕೆ ಜೋಡಿ, ದಿನಕ್ಕೆ ಒಂಟಿ. ಬೆರಳಿನ ಸುತ್ತ ಪೂರ್ತಿ ಹರಳು ಇರುವ ಉಂಗುರ ಮಾತ್ರ ಬೇಡ. ಹೆರಿಗೆಯಾದ ಮೇಲೆ, ನಲವತ್ತು ದಾಟಿದ ಮೇಲೆ ಬೆರಳಿನ ಅಳತೆ ಬದಲಾಗುತ್ತದೆ, ಅದರ ಸೈಜ್ ಹೆಚ್ಚಿಸಲು ಜಾಗವೇ ಇರಲ್ಲ.

ವಜ್ರದ ಬದಲು ಬಣ್ಣದ ಹರಳು ಮನಸ್ಸಿಗೆ ಬಂದರೆ ನೀಲ, ಮಾಣಿಕ್ಯ ಹಾಕಿಸಿ. ಹತ್ತರ ಅಳತೆಯಲ್ಲಿ ಅವುಗಳ ಗಡಸುತನ 9, ವಜ್ರದ್ದು 10. ನಮ್ಮ ದಾರಿಯ ಧೂಳಿನಲ್ಲಿರುವ ಕಲ್ಲಿನ ಪುಡಿಯ ಗಡಸುತನ 7. ಅದಕ್ಕಿಂತ ಮೆತ್ತಗಿನದು ಏನಿದ್ದರೂ ಧೂಳು ಒರೆಸಿದರೇನೇ ಗೀರು ಬೀಳುತ್ತದೆ. ಮುತ್ತು ದಿನಾ ಹಾಕುವ ಉಂಗುರಕ್ಕೆ ಸಲ್ಲ. ಪಚ್ಚೆ ಗಡಸು ಇದ್ದರೂ ಒಳಗೆ ಬಿರುಕು ಸಹಜ, ಪೆಟ್ಟು ತಡೆಯಲ್ಲ.

ಲ್ಯಾಬ್ ವಜ್ರದ (ಗಣಿಯದಲ್ಲ, ಲ್ಯಾಬಿನಲ್ಲಿ ಬೆಳೆಸಿದ್ದು) ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಗೆ ಹೋದ ಕೂಡಲೇ ತೋರಿಸುತ್ತಾರೆ. ಅದೂ ವಜ್ರವೇ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಒಂದು ಲಕ್ಷದಲ್ಲಿ ಬಹಳ ದೊಡ್ಡ ಕಲ್ಲು ಬರುತ್ತದೆ. ಅದರ ಬೆಲೆ ಕೆಲವೇ ವರ್ಷಗಳಲ್ಲಿ ಬಹಳ ಕುಸಿದಿದೆ, ಹಾಗಾಗಿ ಮುಂದೆ ಮಾರಿದರೆ ಏನಾದರೂ ಬರುತ್ತದೆ ಅಂತ ತಗೊಳ್ಳಬೇಡಿ. ಗಣಿಯ ವಜ್ರವೂ ಮಾರಲು ಹೋದರೆ ಕೊಟ್ಟಷ್ಟು ಬರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫ್ಯಾಶನ್ ದೃಷ್ಟಿಯಿಂದ ನನಗೆ ಅನ್ನಿಸುವುದು ಇಷ್ಟು. ಅಗ್ಗಕ್ಕೆ ಸಿಗುತ್ತದೆ ಅಂತ ಎಲ್ಲರೂ ಎರಡು ಮೂರು ಕ್ಯಾರೆಟ್ ಕಲ್ಲು ಹಾಕತೊಡಗಿದರೆ ಆ ಗಾತ್ರವೇ ಈ ಕಾಲದ ಗುರುತಾಗುತ್ತದೆ. 30 ಸೆಂಟ್ (ನೂರು ಸೆಂಟಿಗೆ ಒಂದು ಕ್ಯಾರೆಟ್) ಅಂದರೆ ಅಡ್ಡಳತೆ ಸುಮಾರು 4.3 ಮಿಲಿಮೀಟರ್, ಅರ್ಧ ಕ್ಯಾರೆಟ್ ಅಂದರೆ 5.1ರಷ್ಟು. ಸಣ್ಣ ಕೈಗೆ ಇವೆರಡರ ನಡುವೆ ಯಾವುದಾದರೂ ಚಂದ.

ದುಡ್ಡಿನ ಲೆಕ್ಕ ಹೀಗೆ ಹಾಕಿ. 18 ಕ್ಯಾರೆಟ್‌ನ 4 ಗ್ರಾಂ ಉಂಗುರದಲ್ಲಿ ಅಪ್ಪಟ ಬಂಗಾರ 3 ಗ್ರಾಂ. ಆ ದಿನದ 24 ಕ್ಯಾರೆಟ್ ದರದಿಂದ ಗುಣಿಸಿ. 2025ರಲ್ಲೇ ಹತ್ತು ಗ್ರಾಂ ಲಕ್ಷ ದಾಟಿತ್ತು, ಹಾಗಾಗಿ ಬಂಗಾರವೇ ಒಂದು ದೊಡ್ಡ ಪಾಲು ತಿನ್ನುತ್ತದೆ. ಅದಕ್ಕೆ ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ. ಉಳಿದದ್ದು ಹರಳಿಗೆ. ಹರಳಿನ ತೂಕ ಬಂಗಾರದ ತೂಕದಲ್ಲಿ ಸೇರಿಸಿಲ್ಲ ಅನ್ನುವುದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಿ. ಒಟ್ಟು ತೂಕ, ನಿವ್ವಳ ತೂಕ, ಹರಳಿನ ಕ್ಯಾರೆಟ್ ಮೂರೂ ಬೇರೆ ಬೇರೆ ಬರೆದಿರಬೇಕು. ಉಂಗುರದ ಒಳಗೆ ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತು, 18ಕೆ750 (ಸಾವಿರಕ್ಕೆ 750 ಪಾಲು ಬಂಗಾರ), ಜೊತೆಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇರಬೇಕು. 2023ರ ಏಪ್ರಿಲ್ 1ರಿಂದ ಅದು ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ.

ಇನ್ನು ಅವ್ವನ ಉಂಗುರ. ಮುರಿಸಬೇಡಿ ಅಂತಲೇ ನನ್ನ ಮಾತು. ಪ್ರೀತಿಯ ವಿಷಯ ನಿಮಗೆ ಬಿಟ್ಟಿದ್ದು, ನಾನು ಲೆಕ್ಕದ ವಿಷಯ ಹೇಳುತ್ತೇನೆ. ಮುರಿಸುವಾಗ ಹರಳಿನ ತೂಕ ಕಳೆಯುತ್ತಾರೆ. ಹಾಲ್‌ಮಾರ್ಕ್ ಇಲ್ಲದ ಕಾಲದ ಬಂಗಾರ, ಬೆಸುಗೆ ಜಾಸ್ತಿ ಇದ್ದರೆ 22 ಅಂತ ಕೊಂಡದ್ದು ಪರೀಕ್ಷೆಯಲ್ಲಿ ಕಮ್ಮಿ ಬರಬಹುದು. 1996ರಲ್ಲಿ ಕೊಟ್ಟ ಮಜೂರಿ ಹೋಯಿತು, ಈಗ ಹೊಸ ಮಜೂರಿ. ಉಂಗುರ ಇರುವುದೇ ನಾಲ್ಕೈದು ಗ್ರಾಂ, ಅದರಲ್ಲಿ ಉಳಿಯುವುದೆಷ್ಟು? ಆದರೂ ಮುರಿಸುವುದೇ ಅಂತ ಮನೆಯಲ್ಲಿ ತೀರ್ಮಾನ ಆದರೆ ಒಂದು ಲೆಕ್ಕ ತಿಳಿದಿರಲಿ. ಹರಳು ತೆಗೆದ 22 ಕ್ಯಾರೆಟ್‌ನ 4 ಗ್ರಾಂ ಬಂಗಾರಕ್ಕೆ ಬೆಳ್ಳಿ, ತಾಮ್ರ ಸೇರಿಸಿ 18 ಕ್ಯಾರೆಟ್ ಮಾಡಿದರೆ ಸುಮಾರು 4.9 ಗ್ರಾಂ ಆಗುತ್ತದೆ, ಕರಗಿಸುವಾಗಿನ ಸವಕಳಿ ಬಿಟ್ಟು. ನಾಲ್ಕು ಗ್ರಾಂ ತಗೊಂಡು ನಾಲ್ಕೇ ಗ್ರಾಂ 18 ಕ್ಯಾರೆಟ್ ಕೊಟ್ಟರೆ ಉಳಿದದ್ದು ಎಲ್ಲಿ ಅಂತ ಕೇಳಿ.

ಹರಳುಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಆ ಕಾಲದ ಹೂವಿನ ಉಂಗುರಗಳಲ್ಲಿ ಬಿಳಿ ಹರಳು ಅಮೆರಿಕನ್ ಡೈಮಂಡ್ (ವಜ್ರದಂತೆ ಕಾಣುವ ಕೃತಕ ಹರಳು) ಆಗಿರುವುದೇ ಹೆಚ್ಚು, ಕೆಂಪು ಹರಳು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ದುರ್ಬೀನಿನಲ್ಲಿ ಬಿಳಿ ಹರಳಿನ ಅಂಚು ನೋಡಿದರೇ ತಿಳಿಯುತ್ತದೆ. ಮೂವತ್ತು ವರ್ಷ ಹಾಕಿದ ಮೇಲೂ ಅಂಚು ಚೂಪಾಗಿದ್ದರೆ ವಜ್ರ ಇರಬಹುದು, ಉಜ್ಜಿ ದುಂಡಾಗಿದ್ದರೆ ಅಲ್ಲ. ವಜ್ರ ಅಲ್ಲ ಅಂತ ಬಂದರೆ ಅವ್ವನ ಮುಂದೆ ಅದನ್ನು ದೊಡ್ಡದು ಮಾಡಬೇಡಿ, ಆ ಕಾಲಕ್ಕೆ ಅದೇ ಎಲ್ಲರ ಮನೆಯ ವಾಡಿಕೆ. ಹಿಂಬದಿಗೆ ಪಟ್ಟಿ ಸವೆದಿದ್ದರೆ ಅಲ್ಲಿಗಷ್ಟೇ ಬಂಗಾರ ಹಾಕಿಸಿ, ಸಡಿಲ ಹರಳು ಬಿಗಿ ಮಾಡಿಸಿ, ಬಿಸಿ ನೀರು, ಸೋಪು, ಮೆತ್ತಗಿನ ಬ್ರಷ್ಷಿನಲ್ಲಿ ತೊಳೆಸಿ. ಆದರೆ ಮೊದಲು ಹಿಂದೆ ಮುಚ್ಚಿದ ಕಟ್ಟಾ, ತೆರೆದದ್ದಾ ನೋಡಿ. ಮುಚ್ಚಿದ್ದರೆ ಹರಳಿನ ಕೆಳಗೆ ಹೊಳಪಿಗೆ ಹಾಳೆ ಇಟ್ಟಿರುತ್ತಾರೆ, ನೀರು ಹೋದರೆ ಕಪ್ಪಾಗುತ್ತದೆ. ಅಂಥದ್ದನ್ನು ಒಣ ಬಟ್ಟೆಯಲ್ಲಿ ಒರೆಸುವುದಷ್ಟೇ.

ಕೊನೆಗೆ ಟೈಮಿನ ಮಾತು. ನಿಶ್ಚಯ ದೀಪಾವಳಿ ಆದ ಮೇಲೆ ಅಂದಿರಿ. ಹರಳು ಕೂಡಿಸುವ ಕೆಲಸದಲ್ಲಿ ಬಂಗಾಳದ ಹುಡುಗರು ಬಹಳ, ದುರ್ಗಾಪೂಜೆಗೆ ಊರಿಗೆ ಹೋದವರು ಬರುವುದು ತಡ. ಅದಕ್ಕೇ ದಸರೆಗೆ ಮೊದಲೇ ಆರ್ಡರ್ ಕೊಡಿ. ಬೆರಳಿನ ಅಳತೆ ಮಧ್ಯಾಹ್ನದ ಮೇಲೆ ಕೊಡಿ, ಬೆಳಿಗ್ಗೆ ಬೆರಳು ಸಣ್ಣಗಿರುತ್ತದೆ. ಹುಡುಗನನ್ನೂ ಕರೆದುಕೊಂಡು ಬನ್ನಿ, ಬೆಜಲ್ ಮತ್ತು ಆರು ಪ್ರಾಂಗ್ ಎರಡನ್ನೂ ನಿಮ್ಮ ಬೆರಳಿಗೆ ಹಾಕಿಸಿ ನೋಡಲಿ.